ಜಗಲಿಯ ಎತ್ತರ ಎಷ್ಟು?

ಮಗಳಿಗೆ ಆಗ ಒಂಬತ್ತು ತಿಂಗಳು. ಜನವರಿ, ಕಾಫಿ ಕುಯ್ಲು ಜೋರಾಗಿ ನಡೆಯುತ್ತಿತ್ತು. ಆಲ್ದೂರು ಕಡೆ ನಮ್ಮದು ಸಣ್ಣ ತೋಟ, ಹಳೇ ಹೆಂಚಿನ ಮನೆ. ಮನೆ ಮುಂದೆ ಉದ್ದಕ್ಕೂ ಜಗಲಿ, ಜಗಲಿಯಿಂದ ಕೆಳಗೆ ಸಿಮೆಂಟಿನ ಕಣ. ಸಂಜೆ ನಾಲ್ಕರ ಹೊತ್ತಿಗೆ ಆಳುಗಳು ಹಣ್ಣಿನ ಚೀಲ ತಂದು ಕಣದಲ್ಲಿ ಇಳಿಸುತ್ತಾರೆ. ಮಾವ ಜಗಲಿ ಮೇಲೆ ಕೂತು ತೂಕ ಬರೆದುಕೊಳ್ಳುತ್ತಾರೆ. ಆ ಶನಿವಾರ ಪುಟ್ಟಿಯನ್ನೂ ಪಕ್ಕದಲ್ಲಿ ಚಾಪೆ ಮೇಲೆ ಕೂರಿಸಿಕೊಂಡಿದ್ದರು. ನಾನು ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದೆ.

ಅವಳು ಅಂಬೆಗಾಲಿಡೋಕೆ ಶುರು ಮಾಡಿ ಹತ್ತು ದಿನ ಆಗಿತ್ತು, ಅಷ್ಟೇ. ಹತ್ತು ದಿನದ ಹಿಂದೆ ಇಟ್ಟ ಕಡೆ ಇರುತ್ತಿದ್ದ ಮಗು ಅದು. ನಮ್ಮ ಯಾರ ಕೈಕಾಲಿಗೂ ಇನ್ನೂ ಆ ಬದಲಾವಣೆ ಅಭ್ಯಾಸವಾಗಿರಲಿಲ್ಲ. ಮಾವ ತೂಕದ ಲೆಕ್ಕ ಕೂಗಿ ಕೇಳೋಕೆ ಆ ಕಡೆ ತಿರುಗಿದ್ದಾರೆ. ತಿರುಗಿ ಈ ಕಡೆ ನೋಡುವಷ್ಟರಲ್ಲಿ ಚಾಪೆ ಖಾಲಿ.

ನನಗೆ ಕೇಳಿದ್ದು ಸದ್ದು ಮಾತ್ರ. ತೆಂಗಿನಕಾಯಿ ಬಿದ್ದ ಹಾಗೆ ಒಂದು ಸದ್ದು. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅಳು.

ಓಡಿ ಬಂದಾಗ ಹಣ್ಣು ಕುಯ್ಯೋ ಹೆಂಗಸೊಬ್ಬರು ಅವಳನ್ನು ಎತ್ತಿ ಎದೆಗೆ ಒತ್ತಿಕೊಂಡಿದ್ದರು. ರಕ್ತ ಇರಲಿಲ್ಲ. ಗಾಯ ಇರಲಿಲ್ಲ. ಕಿರುಚಿ ಕಿರುಚಿ ಅತ್ತಳು, ಹಾಲು ಕುಡಿದಳು, ಸುಮ್ಮನಾದಳು. ಅತ್ತೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರು. ದೇವರಿಗೆ ಒಂದು ಕಾಯಿ ಎತ್ತಿಟ್ಟರು. ಮಾವ ಲೆಕ್ಕದ ಪುಸ್ತಕ ಮುಚ್ಚಿ ಒಳಗೆ ಹೋದವರು ಮಾತೇ ಆಡಲಿಲ್ಲ.

ಮನಸ್ಸು ಕೇಳಲಿಲ್ಲ. ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆವು. ಒಳಗೆ ಹೋಗುವ ಮೊದಲೇ ಅತ್ತೆ ನನ್ನ ಕೈ ಹಿಡಿದು, "ಮಂಚದಿಂದ ಬಿದ್ದಳು ಅಂತ ಹೇಳಮ್ಮ. ಇಲ್ಲಾಂದ್ರೆ ನಿಮ್ಮ ಮಾವನ್ನ ಎಲ್ರೂ ಆಡಿಕೊಳ್ತಾರೆ. ಮೊದಲೇ ನೊಂದುಕೊಂಡಿದಾರೆ" ಅಂದರು. ನಾನು ಸರಿ ಅಂದೆ. ಆ ಹೊತ್ತಿಗೆ ಅದೊಂದು ಸಣ್ಣ ಮಾತು ಅನ್ನಿಸಿತ್ತು. ಮಂಚವೋ ಜಗಲಿಯೋ, ಬಿದ್ದದ್ದು ಬಿದ್ದದ್ದೇ ಅಲ್ವಾ?

ಡಾಕ್ಟ್ರು ಕೇಳಿದರು, ಅತ್ತೆ ಹೇಳಿದರು. ಅವರು ಚೀಟಿಯಲ್ಲಿ ಮಂಚದಿಂದ ಬಿದ್ದಿದೆ ಅಂತ ಬರೆದರು. ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಬಿದ್ದ ಕೂಡಲೇ ಅತ್ತಿದೆ, ವಾಂತಿ ಇಲ್ಲ, ಹಾಲು ಕುಡಿದಿದೆ, ಏನೂ ಭಯ ಬೇಡ ಅಂದರು. ನೋವಿಗೆ ಪ್ಯಾರಸಿಟಮಾಲ್ ಡ್ರಾಪ್ಸ್ ಕೊಟ್ಟರು. ಅವರ ಮೇಲೆ ನನಗೆ ತುಂಬಾ ದಿನ ಸಿಟ್ಟಿತ್ತು. ಆಮೇಲೆ ಯೋಚನೆ ಮಾಡಿದರೆ, ಒಂದೂವರೆ ಅಡಿ ಎತ್ತರದ ಮಂಚದಿಂದ ಬಿದ್ದು ಆರಾಮಾಗಿ ಆಡುತ್ತಿರುವ ಮಗುವಿಗೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅವರ ಮುಂದೆ ಇದ್ದದ್ದು ಆ ಮಗು ಅಲ್ಲ. ಆ ಸುಳ್ಳು ನಮ್ಮದು.

ರಾತ್ರಿ ಅವಳನ್ನು ಮಲಗಿಸಬಾರದು ಅಂತ ಅಕ್ಕಪಕ್ಕದವರೆಲ್ಲ ಹೇಳಿದರು. ಪಾಪ, ಕಣ್ಣು ಎಳೆದುಕೊಂಡು ಹೋಗುತ್ತಿದ್ದ ಮಗುವನ್ನು ಗಿಲಕಿ ಆಡಿಸಿ ಆಡಿಸಿ ಹನ್ನೊಂದರ ತನಕ ಎಚ್ಚರ ಇಟ್ಟೆವು. ಕೊನೆಗೆ ನಾನೇ ಸೋತು ಮಲಗಿಸಿದೆ.

ಬೆಳಗ್ಗೆ ಹಾಲು ಕುಡಿಸುವಾಗ ಗೊತ್ತಾಯಿತು. ನಾನು ಯಾವಾಗಲೂ ಅವಳ ತಲೆ ಸವರುತ್ತಾ ಕುಡಿಸುತ್ತೇನೆ. ಬಲಗಿವಿಯ ಮೇಲೆ, ಸ್ವಲ್ಪ ಹಿಂದಕ್ಕೆ, ಬೆರಳು ಒಳಗೆ ಇಳಿದ ಹಾಗಾಯಿತು. ಹಣೆಗೆ ಏಟಾದಾಗ ಏಳುವ ಬುಗುಟು ಗಟ್ಟಿ ಇರುತ್ತೆ, ಗೋಲಿ ಇದ್ದ ಹಾಗೆ. ಇದು ಹಾಗಿರಲಿಲ್ಲ. ತೀರಾ ಹಣ್ಣಾದ ಟೊಮೆಟೊ ಮುಟ್ಟಿದ ಹಾಗೆ ಮೆತ್ತಗೆ, ಒಳಗೆ ನೀರು ತುಂಬಿದ ಹಾಗೆ, ನನ್ನ ಅರ್ಧ ಅಂಗೈ ಅಗಲ. ಹಿಂದಿನ ಸಂಜೆ ಅಲ್ಲಿ ಏನೂ ಇರಲಿಲ್ಲ. ಎಣ್ಣೆ ಹಚ್ಚುವಾಗ ಅತ್ತೆಯ ಕೈಗೂ ಏನೂ ಸಿಕ್ಕಿರಲಿಲ್ಲ.

ಹಿಂದಿನ ದಿನ ಇಲ್ಲದ ಊತ ಇವತ್ತು ಬಂದಿದೆ ಅಂದರೆ ಏನು? ನಮಗೆ ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಏಳಕ್ಕೆ ಕಾರು ಹತ್ತಿದೆವು. ಮಾವ ತಾವೂ ಬರುತ್ತೇನೆ ಅಂತ ಮುಂದಿನ ಸೀಟಲ್ಲಿ ಕೂತರು. ಚಿಕ್ಕಮಗಳೂರು ತಲುಪುವ ತನಕ ಒಂದು ಮಾತಿಲ್ಲ. ನಾನು ಹಿಂದೆ ಕೂತು ಪ್ರತಿ ತಿರುವಿನಲ್ಲೂ ಅವಳ ತಲೆ ಎಲ್ಲೂ ತಾಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ಮೊದಲು ಕೌಂಟರ್‌ನಲ್ಲಿ ಕೇಳಿದರು, ಏನಾಯ್ತು ಅಂತ. ಆಮೇಲೆ ಸಿಸ್ಟರ್ ಕೇಳಿದರು. ಆಮೇಲೆ ಡ್ಯೂಟಿ ಡಾಕ್ಟರ್ ಕೇಳಿದರು. ಮೂರು ಸಲವೂ ನಾನು ಮಂಚ ಅಂದೆ. ಮಕ್ಕಳ ಡಾಕ್ಟ್ರು ಬಂದರು, ಐವತ್ತರ ಆಸುಪಾಸಿನ ಹೆಂಗಸು. ಅವರೂ ಅದನ್ನೇ ಕೇಳಿದಾಗ ನನಗೆ ರೇಗಿತು. ಎಷ್ಟು ಸಲ ಹೇಳೋದು? ಮೊದಲು ಮಗುವನ್ನು ನೋಡಬಾರದಾ?

ಅವರು ಮಗುವನ್ನು ನೋಡುತ್ತಲೇ ಕೇಳುತ್ತಿದ್ದರು. ಬಟ್ಟೆ ಪೂರ್ತಿ ಬಿಚ್ಚಿಸಿದರು. ಬೆನ್ನು, ತೊಡೆ, ಕಿವಿಯ ಹಿಂಭಾಗ, ಬಾಯೊಳಗೆ, ಎಲ್ಲ ನೋಡಿದರು. ಕೆಳಗಿನ ರೆಪ್ಪೆ ಎಳೆದು ಬಿಳಿಚಿಕೊಂಡಿದೆಯಾ ನೋಡಿದರು. ನೆತ್ತಿ ಮುಟ್ಟುವ ಮೊದಲು ಅವಳನ್ನು ನನ್ನ ತೊಡೆ ಮೇಲೆ ನೇರ ಕೂರಿಸಿ, ಅಳು ನಿಲ್ಲುವ ತನಕ ಕಾದರು. ಅಳುವಾಗ ನೆತ್ತಿ ಹೇಗೂ ಉಬ್ಬುತ್ತೆ, ಸುಮ್ಮನಿದ್ದಾಗಲೂ ಉಬ್ಬಿಕೊಂಡೇ ಇದ್ದರೆ ಒಳಗೆ ಒತ್ತಡ ಜಾಸ್ತಿ ಆಗಿದೆ ಅಂತ ಅರ್ಥವಂತೆ. ನಮ್ಮ ಪುಟ್ಟಿಯ ನೆತ್ತಿ ಸಮವಾಗಿತ್ತು. ಆಮೇಲೆ ಬಲಗಡೆಯ ಊತದ ಮೇಲೆ ಎರಡು ಬೆರಳಿಟ್ಟು, ಬೆಣ್ಣೆ ಮುಟ್ಟುವಷ್ಟು ಹಗುರಾಗಿ ಒಂದು ಸುತ್ತು ಹಾಕಿದರು.

"ಮಂಚ ಎಷ್ಟು ಎತ್ತರ ಇದೆಯಮ್ಮ?"

ಕೈಯಲ್ಲಿ ತೋರಿಸಿದೆ.

"ಕೆಳಗೆ ಏನಿತ್ತು? ಚಾಪೆ, ನೆಲ?"

"ಗಾರೆ ನೆಲ."

"ಬಿದ್ದಿದ್ದು ನೀವು ನೋಡಿದ್ರಾ?"

ನಾನು ಉತ್ತರ ಹುಡುಕುತ್ತಿದ್ದೆ. ಬಾಗಿಲ ಹತ್ತಿರ ನಿಂತಿದ್ದ ಮಾವ ಒಳಗೆ ಬಂದರು. ತಲೆಗೆ ಸುತ್ತಿದ್ದ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಮಂಚದಿಂದ ಅಲ್ಲಮ್ಮ. ಮಗು ನನ್ನ ಹತ್ರ ಇತ್ತು. ಜಗಲಿಯಿಂದ ಕಣಕ್ಕೆ ಬಿತ್ತು. ನಾನು ಆ ಕಡೆ ತಿರುಗಿದ್ದೆ."

ಅವರ ಧ್ವನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. ಡಾಕ್ಟ್ರು ಬೈಯಲಿಲ್ಲ. ಕುರ್ಚಿ ಎಳೆದು, "ಕೂತ್ಕೊಳ್ಳಿ ಯಜಮಾನ್ರೇ" ಅಂದರು. "ಜಗಲಿ ಎಷ್ಟು ಎತ್ತರ?"

ನನ್ನ ಗಂಡ ಎರಡೂವರೆ ಅಡಿ ಅಂದರು. ಮಾವ ನಾಲ್ಕಡಿ ಅಂದರು. ನನಗೆ ತೋಚಲೇ ಇಲ್ಲ. ದಿನಾ ಹತ್ತಿ ಇಳಿಯುವ ಜಗಲಿ, ಎಷ್ಟೆತ್ತರ ಅಂತ ಮೂವರಿಗೂ ಗೊತ್ತಿಲ್ಲ. ಮನೆಗೆ ಫೋನ್ ಮಾಡಿದೆವು. ಮೈದುನ ಟೇಪು ಹಿಡಿದು ಅಳೆದು ಹೇಳಿದ: ಮೂರಡಿ ಮೂರಿಂಚು.

ಡಾಕ್ಟ್ರು ಅದನ್ನು ಬರೆದುಕೊಂಡರು. ಆಮೇಲೆ ಸಿ.ಟಿ. ಸ್ಕ್ಯಾನ್ ಮಾಡಿಸೋಣ ಅಂದರು.

ಯಾಕೆ ಅಂತ ಬಿಡಿಸಿ ಹೇಳಿದರು. ಅದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ತಲೆಗೆ ಏಟಾದ ಮಕ್ಕಳಿಗೆಲ್ಲ ಸ್ಕ್ಯಾನ್ ಮಾಡೋಕಾಗಲ್ಲ, ಮಾಡಲೂಬಾರದು. ಸಿ.ಟಿ.ಯಲ್ಲಿ ಎಕ್ಸ್‌-ರೇ ಕಿರಣಗಳು ಜಾಸ್ತಿ, ಬೆಳೆಯುವ ಮಕ್ಕಳಿಗೆ ಅದು ದೊಡ್ಡವರಿಗಿಂತ ಹೆಚ್ಚು ತಟ್ಟುತ್ತೆ. ಹಾಗಾದರೆ ಯಾರಿಗೆ ಮಾಡಬೇಕು? ಅಮೆರಿಕದಲ್ಲಿ 42 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ, 2009ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿದ್ದಾರೆ. ಎರಡು ವರ್ಷದೊಳಗಿನ ಮಕ್ಕಳಿಗೆ ಅದರಲ್ಲಿ ಬೇರೆಯೇ ಪಟ್ಟಿ. ಮಗು ಮಂಕಾಗಿದೆಯಾ? ಮೂಳೆ ಮುರಿದದ್ದು ಕೈಗೆ ಸಿಗುತ್ತಾ? ಊತ ಹಣೆ ಬಿಟ್ಟು ಪಕ್ಕದಲ್ಲೋ ಹಿಂದೆಯೋ ಇದೆಯಾ? ಐದು ಸೆಕೆಂಡೋ ಅದಕ್ಕಿಂತ ಹೆಚ್ಚು ಹೊತ್ತೋ ಎಚ್ಚರ ತಪ್ಪಿತ್ತಾ? ಬಿದ್ದದ್ದು ಮೂರಡಿಗಿಂತ ಎತ್ತರದಿಂದಲಾ? ಮಗು ಯಾವಾಗಲೂ ಇರುವ ಹಾಗಿಲ್ಲ ಅಂತ ತಾಯಿಗೆ ಅನ್ನಿಸುತ್ತಾ? ಇದು ಯಾವುದೂ ಇಲ್ಲದಿದ್ದರೆ ಸ್ಕ್ಯಾನ್ ಬೇಡ. ಮೊದಲ ಎರಡರಲ್ಲಿ ಒಂದಿದ್ದರೂ ಸ್ಕ್ಯಾನ್ ಬೇಕು. ಉಳಿದವುಗಳಲ್ಲಿ ಒಂದೇ ಇದ್ದರೆ ಕೆಲವು ಗಂಟೆ ಆಸ್ಪತ್ರೆಯಲ್ಲಿಟ್ಟು ನೋಡಬಹುದು. ಒಂದಕ್ಕಿಂತ ಹೆಚ್ಚಿದ್ದರೆ ಸ್ಕ್ಯಾನ್ ಕಡೆಗೆ ವಾಲಬೇಕಾಗುತ್ತೆ.

"ಹಣೆ ಮೇಲೆ ಬುಗುಟು ಆಗಿ, ಮಂಚದಿಂದ ಬಿದ್ದಿದ್ರೆ ನಾನೂ ಮನೆಗೆ ಕಳಿಸ್ತಿದ್ದೆ" ಅಂದರು. "ಇದು ಪಕ್ಕದಲ್ಲಿ ಎದ್ದಿರೋ ಮೆತ್ತನೆ ಊತ, ಅದೂ ಗಂಟೆಗಳಾದ ಮೇಲೆ. ಮೇಲಿಂದ ಮೂರಡಿ ದಾಟಿದೆ."

ಬಿದ್ದ ಕೂಡಲೇ ಮೂಳೆಯಲ್ಲಿ ಬಿರುಕಾದರೂ, ಅಲ್ಲಿಂದ ರಕ್ತ ಒಸರಿ ಚರ್ಮದ ಕೆಳಗೆ ತುಂಬಿಕೊಳ್ಳೋಕೆ ಹೊತ್ತು ಹಿಡಿಯುತ್ತೆ. ಒಂದು ದಿನ ಬಿಟ್ಟು ಕಾಣಿಸಿಕೊಳ್ಳೋದೂ ಉಂಟು. ರೆಪ್ಪೆ ಎಳೆದು ನೋಡಿದ್ದು ಅದಕ್ಕೇ. ನಮ್ಮ ಪುಟ್ಟಿ 8 ಕಿಲೋ. ಅಷ್ಟು ತೂಕದ ಮಗುವಿನ ಮೈಯಲ್ಲಿ ಒಟ್ಟು ರಕ್ತವೇ ಮುಕ್ಕಾಲು ಲೀಟರ್‌ಗಿಂತ ಕಡಿಮೆ. ನಮ್ಮ ತಲೆಯಲ್ಲಿ ಲೆಕ್ಕಕ್ಕೇ ಇಲ್ಲದ ಊತ, ಅವರಿಗೆ ದೊಡ್ಡ ನಷ್ಟ.

ಸ್ಕ್ಯಾನ್‌ಗೆ ನಿದ್ದೆ ಬರೋ ಔಷಧಿ ಕೊಡಲಿಲ್ಲ. ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿ ಅಂದರು. ನಿದ್ದೆ ಹತ್ತಿದ ಮೇಲೆ ನಾನೇ ಮೇಜಿನ ಮೇಲೆ ಇಟ್ಟೆ. ನನಗೊಂದು ಭಾರದ ಏಪ್ರನ್ ಹಾಕಿ ಪಕ್ಕದಲ್ಲಿ ನಿಲ್ಲಿಸಿದರು. ಕೆಲವೇ ಸೆಕೆಂಡು. ಅವಳು ಅಲುಗಾಡಲೂ ಇಲ್ಲ. ನಾನು ಮಾತ್ರ ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ.

ಬಲಗಡೆ ಪರೈಟಲ್ ಮೂಳೆಯಲ್ಲಿ, ಅಂದರೆ ಬುರುಡೆಯ ಪಕ್ಕದ ಮೂಳೆಯಲ್ಲಿ, ಬಿರುಕು. ಡಾಕ್ಟ್ರು ಕಂಪ್ಯೂಟರಿನಲ್ಲಿ ತೋರಿಸಿದರು. ಕೂದಲೆಳೆಯಂಥ ಒಂದು ಗೀಟು. ಒಳಗೆ ರಕ್ತಸ್ರಾವ ಇಲ್ಲ, ಮೆದುಳಿಗೆ ಏನೂ ಆಗಿಲ್ಲ, ಮೂಳೆ ಒಳಗೆ ಕುಸಿದಿಲ್ಲ. ಆಪರೇಷನ್ ಬೇಡ, ತಾನಾಗಿ ಕೂಡಿಕೊಳ್ಳುತ್ತೆ, ಒಂದು ದಿನ ಇಲ್ಲೇ ಇರಲಿ ಅಂದರು. ಇವರು ಗೋಡೆಗೆ ಒರಗಿ ಹಾಗೇ ಕೆಳಗೆ ಕೂತುಬಿಟ್ಟರು. ಮಾವ ಹೊರಗೆ ಹೋದರು.

ಆಮೇಲೆ ಬಂದದ್ದು ಎಂಎಲ್‌ಸಿ, ಅಂದರೆ ಮೆಡಿಕೋ-ಲೀಗಲ್ ಕೇಸಿನ ಮಾತು. ತಲೆಗೆ ಏಟಾಗಿ ಮೂಳೆ ಬಿರುಕು ಬಿಟ್ಟಿರೋದರಿಂದ ಪೊಲೀಸ್ ಠಾಣೆಗೆ ಒಂದು ಮಾಹಿತಿ ಹೋಗುತ್ತೆ ಅಂದರು. ಅತ್ತೆ ಫೋನಿನಲ್ಲಿ ಅಳೋಕೆ ಶುರು ಮಾಡಿದರು. ನಮ್ಮ ಮನೆ ಮಗುವಿಗೆ ನಾವೇ ಏನಾದ್ರೂ ಮಾಡ್ತೀವಾ? ನನಗೂ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಸಂಜೆ ರೌಂಡ್ಸ್‌ಗೆ ಬಂದಾಗ ನೇರವಾಗಿ ಕೇಳಿದೆ: ನಮ್ಮ ಮೇಲೆ ಅನುಮಾನವಾ ಮೇಡಂ?

ಅವರು ಪುಟ್ಟಿಯ ಹಾಸಿಗೆ ಅಂಚಿನಲ್ಲಿ ಕೂತು ಮಾತಾಡಿದರು. ಆ ಮಾತು ನನಗೆ ಇವತ್ತಿಗೂ ಮನಸ್ಸಲ್ಲಿದೆ. ಎರಡು ಮೂರು ತಿಂಗಳ ಮಗುವಿನ ಅಳು ವಿಪರೀತ. ಆರರಿಂದ ಎಂಟನೇ ವಾರದಲ್ಲಿ ಅದು ತುದಿ ಮುಟ್ಟುತ್ತೆ. ಏನು ಮಾಡಿದರೂ ನಿಲ್ಲದ ಅಳು. ನಿದ್ದೆಗೆಟ್ಟ ದೊಡ್ಡವರು ಯಾರೋ ಒಬ್ಬರು ತಾಳ್ಮೆ ಕಳೆದುಕೊಂಡು ಮಗುವಿನ ಎದೆ ಹಿಡಿದು ಜೋರಾಗಿ ಅಲ್ಲಾಡಿಸಿಬಿಡುತ್ತಾರೆ. ಕತ್ತಿಗೆ ಶಕ್ತಿ ಇಲ್ಲ, ತಲೆ ಭಾರ. ಒಳಗೆ ಮೆದುಳು ಅತ್ತಿತ್ತ ಆಡಿ ಸುತ್ತಲಿನ ಸಣ್ಣ ರಕ್ತನಾಳಗಳು ಹರಿಯುತ್ತವೆ. ಕಣ್ಣಿನ ಒಳಪದರದಲ್ಲೂ ರಕ್ತ ಕಾಣುತ್ತೆ. ಎಷ್ಟೋ ಸಲ ಹೊರಗೆ ಒಂದು ಗಾಯವೂ ಇರೋದಿಲ್ಲ. ಆಸ್ಪತ್ರೆಗೆ ತಂದವರು ಹೇಳೋದು ಒಂದೇ ಮಾತು: ಮಂಚದಿಂದ ಬಿತ್ತು.

"ಬಿದ್ದ ಕಥೆಗೂ ಆಗಿರೋ ಏಟಿಗೂ ತಾಳೆ ಆಗ್ತಿದೆಯಾ ಅಂತ ನೋಡೋದು ನಮ್ಮ ಕೆಲಸ. ಕಥೆ ಕೇಳಿದ ಒಬ್ಬೊಬ್ಬರಿಗೂ ಬೇರೆ ಬೇರೆ ಥರ ಹೇಳಿದ್ರೆ ನಮಗೆ ಗಂಟೆ ಹೊಡೆಯುತ್ತೆ. ನಿಮ್ಮ ಮಾವ ಬಾಯಿ ಬಿಡದಿದ್ರೆ ನಾನು ಇನ್ನೂ ಹುಡುಕ್ತಿದ್ದೆ. ಕಣ್ಣಿನ ಡಾಕ್ಟ್ರನ್ನ ಕರೆಸ್ತಿದ್ದೆ, ಮೈಯೆಲ್ಲ ಎಕ್ಸ್‌-ರೇ ತೆಗೆಸ್ತಿದ್ದೆ."

ಬಟ್ಟೆ ಬಿಚ್ಚಿ ಮೈಯೆಲ್ಲ ನೋಡಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಇನ್ನೂ ತೆವಳದ, ಎದ್ದು ನಿಲ್ಲದ ಮಗುವಿನ ಮೈಮೇಲೆ ಕಂದಿದ ಕಲೆ ಇರೋದು ತೀರಾ ಅಪರೂಪ. ಓಡಾಡುವ ಮಗುವಿನ ಮೊಣಕಾಲಲ್ಲಿ, ಹಣೆಯಲ್ಲಿ ಇದ್ದರೆ ಸಹಜ. ಕಿವಿಯಲ್ಲಿ, ಕತ್ತಿನಲ್ಲಿ, ಹೊಟ್ಟೆ ಮೇಲೆ ಇದ್ದರೆ ಯಾರಾದರೂ ಪ್ರಶ್ನೆ ಕೇಳಲೇಬೇಕು. ಕೇಳದಿದ್ದರೆ ಮಾತು ಬಾರದ ಮಗುವಿನ ಪರವಾಗಿ ಇನ್ಯಾರು ಕೇಳುತ್ತಾರೆ? ನನ್ನ ಸಿಟ್ಟು ಆ ಹೊತ್ತಿಗೆ ಇಳಿಯಿತು. ಮೂರು ಸಲ ಅಲ್ಲ, ಹತ್ತು ಸಲ ಕೇಳಲಿ.

ಆ ರಾತ್ರಿ ಮಕ್ಕಳ ವಾರ್ಡ್‌ನಲ್ಲಿ ಕಳೆದೆ. ಗಂಟೆಗೊಮ್ಮೆ ಸಿಸ್ಟರ್ ಬಂದು ಕಣ್ಣಿಗೆ ಟಾರ್ಚ್ ಬಿಡುತ್ತಿದ್ದರು, ಕೈಕಾಲು ಆಡಿಸುತ್ತಾಳಾ ನೋಡುತ್ತಿದ್ದರು. ಮಲಗಲಿ ಬಿಡಿ ಅಂದರು. ನಿದ್ದೆ ಕೆಡಿಸುವುದರಿಂದ ಲಾಭ ಇಲ್ಲ. ಎಬ್ಬಿಸಿದರೆ ಎದ್ದು ಅಮ್ಮನ ಗುರುತು ಹಿಡಿಯುತ್ತಾ, ಹಾಲಿಗೆ ಬಾಯಿ ಹಾಕುತ್ತಾ ಅನ್ನೋದೇ ಮುಖ್ಯ. ಎಬ್ಬಿಸೋಕೆ ಆಗದಿದ್ದರೆ, ಮೇಲಿಂದ ಮೇಲೆ ವಾಂತಿಯಾದರೆ, ಫಿಟ್ಸ್ ಬಂದರೆ, ಮೂಗು ಕಿವಿಯಿಂದ ನೀರಿನ ಥರ ಸೋರಿದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾದರೆ, ಅಳು ಯಾವತ್ತಿನದಲ್ಲದ ಕೀರಲು ದನಿಯಾದರೆ, ಆಗ ಒಂದು ನಿಮಿಷವೂ ಕಾಯಬಾರದು, 108ಕ್ಕೆ ಫೋನ್ ಮಾಡಬೇಕು. ಊತವನ್ನು ತಿಕ್ಕಬಾರದು ಅನ್ನೋದನ್ನೂ ಅವರೇ ಹೇಳಿದ್ದು. ಬಟ್ಟೆಯಲ್ಲಿ ಸುತ್ತಿದ ಐಸ್ ಹಗುರಾಗಿ ಇಟ್ಟರೆ ಸಾಕು. ಬಿಸಿ ಶಾಖ ಬೇಡ, ಎಣ್ಣೆ ಹಾಕಿ ಒತ್ತುವುದಂತೂ ಬೇಡವೇ ಬೇಡ. ನಾವು ಬಿರುಕು ಬಿಟ್ಟ ಮೂಳೆಯ ಮೇಲೆಯೇ ತಿಕ್ಕಿದ್ದೆವು.

ವಾರ್ಡ್‌ನಲ್ಲಿ ಅವತ್ತು ತಲೆಗೆ ಏಟಾದ ಮಕ್ಕಳು ಇನ್ನೂ ಮೂವರಿದ್ದರು. ಎದುರಿನ ಹಾಸಿಗೆಯಲ್ಲಿ ನಾಲ್ಕು ತಿಂಗಳ ಗಂಡುಮಗು. ಮಗ್ಗುಲು ಬದಲಿಸೋದು ಬರಲ್ಲ ಅಂತ ಮಂಚದ ನಡುವೆ ಮಲಗಿಸಿ, ತಾಯಿ ಒಲೆ ಮೇಲಿನ ಹಾಲು ನೋಡೋಕೆ ಹೋಗಿದ್ದರು. ಮೊದಲ ಸಲ ಮಗುಚಿಕೊಂಡಿದ್ದು ಅವತ್ತೇ. ಅದಕ್ಕೆ ಏನೂ ಆಗಿರಲಿಲ್ಲ, ಸುಮ್ನೆ ನೋಡಿಕೊಳ್ಳೋಕೆ ಇಟ್ಟುಕೊಂಡಿದ್ದರು. ಕಿಟಕಿ ಪಕ್ಕದಲ್ಲಿ ಒಂದು ವರ್ಷ ಎರಡು ತಿಂಗಳ ಮಗು, ವಾಕರ್ ಸಮೇತ ಮೆಟ್ಟಿಲ ಮೇಲಿಂದ ಉರುಳಿತ್ತು. ಬಾಗಿಲ ಹತ್ತಿರ ಎರಡೂವರೆ ವರ್ಷದ ಹುಡುಗ. ಅಪ್ಪನ ಬೈಕಿನ ಟ್ಯಾಂಕ್ ಮೇಲೆ ಕೂತಿದ್ದ. ಹಂಪ್‌ನಲ್ಲಿ ಬ್ರೇಕ್ ಹಾಕಿದ್ದಾರೆ, ಮುಂದಕ್ಕೆ ಹಾರಿದ್ದಾನೆ. ಅವನಿಗೆ ತಲೆಯೊಳಗೆ ರಕ್ತಸ್ರಾವ ಆಗಿತ್ತು. ರಾತ್ರಿ ಒಂದು ಗಂಟೆಗೆ ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅವರ ತಾಯಿ ಮಗುವಿನ ಒಂದೇ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೋದರು. ಆ ಹುಡುಗ ಏನಾದ ಅಂತ ಆಮೇಲೆ ತಿಳಿಯಲಿಲ್ಲ. ಈಗಲೂ ನೆನಪಾಗುತ್ತೆ.

"ವಯಸ್ಸು ಹೇಳಿ, ಎಲ್ಲಿಂದ ಬಿತ್ತು ಅಂತ ನಾನು ಹೇಳ್ತೀನಿ" ಅಂದರು ಸಿಸ್ಟರ್. ಮೂಡಿಗೆರೆ ಕಡೆಯವರು, ವಾರ್ಡ್‌ನಲ್ಲಿ ತುಂಬಾ ವರ್ಷದಿಂದ ಇದ್ದವರು. ಹುಟ್ಟಿ ಮೂರು ತಿಂಗಳ ತನಕ ಮಗು ಬೀಳೋದು ನಮ್ಮ ಕೈಯಿಂದ. ಎಣ್ಣೆ ನೀರು ಹಾಕುವಾಗ ಜಾರಿ, ಎತ್ತಿಕೊಂಡು ಮೆಟ್ಟಿಲಿಳಿಯುವಾಗ ನಾವೇ ಎಡವಿ. ನಾಲ್ಕರಿಂದ ಎಂಟು ತಿಂಗಳು ಮಂಚ, ಸೋಫಾ. ಆಮೇಲೆ ಜಗಲಿ, ಮೆಟ್ಟಿಲು, ವಾಕರ್. ಒಂದು ವರ್ಷ ದಾಟಿದರೆ ಹತ್ತೋ ಕಾಲ. ಕುರ್ಚಿ, ಕಿಟಕಿ, ಟಿವಿ ಇಟ್ಟ ಮೇಜು. ಟಿವಿಯನ್ನೇ ಮೈಮೇಲೆ ಎಳೆದುಕೊಳ್ಳುವ ಮಕ್ಕಳೂ ಇದ್ದಾರೆ. ಎರಡು ದಾಟಿದರೆ ಬೈಕು, ರಸ್ತೆ.

ಯಾಕೆ ಯಾವಾಗಲೂ ತಲೆಗೇ ಏಟು ಅಂತ ಕೇಳಿದೆ. ಅವರು ಪುಟ್ಟಿಯ ತಲೆಯಿಂದ ಗಲ್ಲಕ್ಕೆ ಗೇಣು ಹಾಕಿ ತೋರಿಸಿದರು. ಹುಟ್ಟಿದ ಮಗುವಿನ ಮೈಯುದ್ದದಲ್ಲಿ ಕಾಲು ಭಾಗ ತಲೆಯೇ. ನಮ್ಮದು ಏಳೆಂಟರಲ್ಲಿ ಒಂದು ಭಾಗ. ಭಾರ ಎಲ್ಲ ಮೇಲೆ. ಬೀಳುವಾಗ ಕೈ ಊರಬೇಕು ಅನ್ನೋದು ಇನ್ನೂ ಮೈಗೆ ಬಂದಿಲ್ಲ. ಹಾಗಾಗಿ ತಲೆಯೇ ಮೊದಲು ನೆಲ ಮುಟ್ಟುತ್ತೆ. ಬುರುಡೆ ತೆಳು. ನೆತ್ತಿ ಪೂರ್ತಿ ಕೂಡೋದೇ ಒಂದೂವರೆ ವರ್ಷದ ಹೊತ್ತಿಗೆ. ಮೂಳೆಗಳ ನಡುವೆ ಸ್ವಲ್ಪ ಜಾಗ ಇರೋದರಿಂದ ಒಳಗೆ ಒತ್ತಡ ಏರುವುದು ಮೊದಮೊದಲು ಹೊರಗೆ ಗೊತ್ತೂ ಆಗದೇ ಹೋಗಬಹುದು. ಅದಕ್ಕೇ ಆರಾಮಾಗಿ ಆಡುತ್ತಿದೆಯಲ್ಲ ಅಂತ ಒಂದೇ ಕಾರಣಕ್ಕೆ ಚಿಕ್ಕ ಮಗುವಿನ ವಿಷಯದಲ್ಲಿ ಸುಮ್ಮನಿರಬಾರದು.

ಮಾರನೇ ದಿನ ಸಂಜೆ ಮನೆಗೆ ಕಳಿಸಿದರು. ಎರಡು ವಾರ ಆದಮೇಲೆ ಒಂದು ಸಲ, ಎರಡು ತಿಂಗಳು ಆದಮೇಲೆ ಇನ್ನೊಂದು ಸಲ ಬರಬೇಕು ಅಂದರು. ಮೂಳೆ ಕೂಡುತ್ತೆ ಅಂದಮೇಲೆ ಮತ್ತೆ ಯಾಕೆ? ಅಪರೂಪಕ್ಕೆ, ಮೂರು ವರ್ಷದೊಳಗಿನ ಮಕ್ಕಳಲ್ಲಿ ಬಿರುಕಿನ ಕೆಳಗಿನ ಪೊರೆ ಹರಿದು ಬಿರುಕಿನ ನಡುವೆ ಸಿಕ್ಕಿಕೊಳ್ಳುತ್ತಂತೆ. ಮೆದುಳು ಬೆಳೆದ ಹಾಗೆ ಬಿರುಕು ಕೂಡುವ ಬದಲು ಅಗಲವಾಗುತ್ತಾ ಹೋಗುತ್ತೆ. ಊತ ಇಳಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಉಬ್ಬಿದರೆ ಕೂಡಲೇ ಕರೆತನ್ನಿ ಅಂದರು. ನಾನು ದಿನಾ ಬೆಳಗ್ಗೆ ಹಾಲು ಕುಡಿಸುವಾಗ ಆ ಜಾಗ ಸವರಿ ನೋಡುತ್ತಿದ್ದೆ. ಮೂರನೇ ವಾರಕ್ಕೆ ಊತ ಪೂರ್ತಿ ಇಳಿಯಿತು.

ಮನೆಯಲ್ಲಿ ಕಷ್ಟವಾದದ್ದು ಬೇರೆ. ಮಾವ ಮಗುವನ್ನು ಎತ್ತಿಕೊಳ್ಳೋದೇ ಬಿಟ್ಟರು. ಅವಳು ಅಂಬೆಗಾಲಲ್ಲಿ ಹೋಗಿ ಅವರ ಪಂಚೆ ಎಳೆದರೆ, "ಅಮ್ಮನ ಹತ್ರ ಹೋಗು ಪುಟ್ಟಿ" ಅಂತ ಎದ್ದು ಹೋಗುತ್ತಿದ್ದರು. ನೋಡೋಕೆ ಬಂದವರು ಒಬ್ಬೊಬ್ಬರೂ ಒಂದೊಂದು ಮಾತು. ಮಗು ನೋಡಿಕೊಳ್ಳೋಕೆ ಆಗಲ್ವಾ, ತಾಯಿ ಎಲ್ಲಿ ಹೋಗಿದ್ಲು, ವಯಸ್ಸಾದವರ ಕೈಗೆ ಯಾಕೆ ಕೊಟ್ರಿ. ಅತ್ತೆ ಯಾಕೆ ಸುಳ್ಳು ಹೇಳಿದರು ಅಂತ ನನಗೆ ಆಗ ಸರಿಯಾಗಿ ಅರ್ಥವಾಯಿತು. ಬಿದ್ದ ಮಗುವಿನ ಮನೆಯಲ್ಲಿ ಎಲ್ಲರೂ ಮೊದಲು ಹುಡುಕೋದು ತಪ್ಪು ಯಾರದು ಅಂತ. ಆ ಹೆದರಿಕೆಗೆ ಎಷ್ಟು ಮನೆಗಳಲ್ಲಿ ಜಗಲಿ ಮಂಚವಾಗುತ್ತೋ, ಅಟ್ಟದ ಏಣಿ ಸೋಫಾ ಆಗುತ್ತೋ! ಎದುರಿಗೆ ಕೂತ ಡಾಕ್ಟ್ರು ಆ ಮಂಚವನ್ನೇ ನಂಬಿ ಔಷಧಿ ಕೊಡಬೇಕು.

ಒಂದು ಭಾನುವಾರ ಮಾವ ಅಡಿಕೆ ದಬ್ಬೆ ಸೀಳಿಕೊಂಡು ಜಗಲಿಗೆ ಬಂದರು. ಯಾರನ್ನೂ ಕರೆಯಲಿಲ್ಲ. ಕಂಬದಿಂದ ಕಂಬಕ್ಕೆ ಅಡ್ಡ ಕಟ್ಟಿ, ಅದಕ್ಕೆ ಉದ್ದುದ್ದ ದಬ್ಬೆ ಒತ್ತೊತ್ತಾಗಿ ಕಟ್ಟಿದರು. ತಮ್ಮ ಮುಷ್ಟಿ ತೂರಿಸಿ ನೋಡಿ, ತೂರಿದ ಕಡೆಯೆಲ್ಲ ಇನ್ನೊಂದು ದಬ್ಬೆ ಸೇರಿಸಿದರು. ಸಿಗುರು ಚುಚ್ಚದ ಹಾಗೆ ಎಲ್ಲವನ್ನೂ ಕತ್ತಿಯಲ್ಲಿ ಹೆರೆದು, ಉಪ್ಪುಕಾಗದ ಹಾಕಿ ಉಜ್ಜಿದರು. ಮೆಟ್ಟಿಲ ಹತ್ತಿರ ಚಿಲಕ ಇರೋ ಸಣ್ಣ ಗೇಟು. ಎರಡು ದಿನ ಹಿಡಿಯಿತು. ಮುಗಿದ ಮೇಲೆ ಚಾಪೆ ಹಾಸಿ, ಪುಟ್ಟಿಯನ್ನು ನನ್ನ ಕೈಯಿಂದ ಇಸಿದುಕೊಂಡು ಕೂರಿಸಿ, ತಾವೂ ಗೇಟಿಗೆ ಬೆನ್ನು ಕೊಟ್ಟು ಕೂತರು.

ಉಳಿದದ್ದನ್ನು ನಾವು ಮಾಡಿದೆವು. ಅಣ್ಣ ತಂದುಕೊಟ್ಟಿದ್ದ ವಾಕರ್ ಬಿಚ್ಚಿ ಗುಜರಿಗೆ ಹಾಕಿದೆವು. ಕೆನಡಾದಲ್ಲಿ ಅದನ್ನು 2004ರಲ್ಲೇ ಮಾರಬಾರದು ಅಂತ ಮಾಡಿದ್ದಾರೆ. ನಮ್ಮಲ್ಲಿ ನಾಮಕರಣಕ್ಕೆ ಉಡುಗೊರೆ ಕೊಡುತ್ತೇವೆ. ಅದು ನಡಿಗೆ ಕಲಿಸೋದಿಲ್ಲ, ಮಗುವಿಗೆ ಇನ್ನೂ ಬಾರದ ವೇಗವನ್ನು ಮಾತ್ರ ಕೊಡುತ್ತೆ. ಮಗುವಿನ ಹಾಸಿಗೆ ನೆಲಕ್ಕೆ ಬಂತು. ಟಿವಿಯನ್ನು ಗೋಡೆಗೆ ಬಿಗಿಸಿದೆವು. ಇವರು ಬೈಕಿನ ಟ್ಯಾಂಕ್ ಮೇಲೆ ಮಗುವನ್ನು ಕೂರಿಸಿಕೊಂಡು ಪೇಟೆ ಸುತ್ತೋ ಆಸೆ ಇಟ್ಟುಕೊಂಡಿದ್ದರು. ವಾರ್ಡ್‌ನ ಆ ಹುಡುಗನನ್ನು ನೋಡಿದ ಮೇಲೆ ಆ ಮಾತೇ ಎತ್ತಲಿಲ್ಲ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಬೈಕಿನಲ್ಲಿ ಹೆಲ್ಮೆಟ್ ಬೇಕು, ಓಡಿಸುವವರಿಗೆ ಮಗುವನ್ನು ಸೇರಿಸಿ ಬಿಗಿಯುವ ಬೆಲ್ಟ್ ಬೇಕು, 40 ಕಿ.ಮೀ. ವೇಗ ಮೀರಬಾರದು ಅಂತ 2022ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ನಮ್ಮ ರಸ್ತೆಯಲ್ಲಿ ಅಂಥ ಬೆಲ್ಟ್ ನಾನು ಇದುವರೆಗೆ ಒಂದೇ ಒಂದು ನೋಡಿಲ್ಲ.

ಎರಡು ತಿಂಗಳ ಚೆಕಪ್‌ಗೆ ಹೋದಾಗ ಡಾಕ್ಟ್ರು ಅದೇ ಎರಡು ಬೆರಳಿಟ್ಟು ನೋಡಿದರು. ತಲೆಯ ಸುತ್ತಳತೆ ಟೇಪಿನಲ್ಲಿ ಅಳೆದರು. ಎಲ್ಲ ಸರಿಯಾಗಿದೆ, ಇನ್ನು ಬರೋದು ಬೇಡ ಅಂದರು. ಮಾವ ತಮ್ಮ ಫೋನಿನಲ್ಲಿ ದಬ್ಬೆ ಕಟ್ಟಿದ ಜಗಲಿಯ ಫೋಟೋ ತೋರಿಸಿದರು. ಡಾಕ್ಟ್ರು ಅದನ್ನು ದೊಡ್ಡದು ಮಾಡಿ, ದಬ್ಬೆಗಳ ನಡುವಿನ ಸಂದು ಎಷ್ಟಿದೆ ಅಂತ ಕೇಳಿದರು. ಮಗುವಿನ ತಲೆ ತೂರಬಾರದು ಅಂತ. ಮಾವ ಈ ಸಲ ಅಳೆದುಕೊಂಡೇ ಬಂದಿದ್ದರು. ಎರಡೂವರೆ ಇಂಚು.

ಹಿಂದಿರುಗುವಾಗ ಅತ್ತೆ ಆ ಮೊದಲಿನ ಕ್ಲಿನಿಕ್ ಹತ್ತಿರ ಕಾರು ನಿಲ್ಲಿಸಿ ಅಂದರು. ಬಿಪಿ ಮಾತ್ರೆ ತಗೋಬೇಕು ಅಂತ. ನಾನೂ ಜೊತೆಗೆ ಇಳಿದೆ. ಮಾತ್ರೆ ಬರೆಸಿಕೊಂಡ ಮೇಲೂ ಅವರು ಏಳಲಿಲ್ಲ. ಸೆರಗು ಸರಿ ಮಾಡಿಕೊಂಡರು.

"ಡಾಕ್ಟ್ರೇ, ಅವತ್ತು ಮಗು ಮಂಚದಿಂದ ಬಿದ್ದಿದ್ದಲ್ಲ. ನಾನು ಸುಳ್ಳು ಹೇಳಿದ್ದೆ."

ಅವರು ಸ್ವಲ್ಪ ಹೊತ್ತು ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಪೆನ್ನು ಕೆಳಗಿಟ್ಟು, "ಈಗ ಹೇಗಿದಾಳೆ?" ಅಂತ ಕೇಳಿದರು. ನಾನು ಬ್ಯಾಗಿನಿಂದ ಸ್ಕ್ಯಾನ್ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಎಷ್ಟು ಎತ್ತರ ಇತ್ತು ಅಂತ ಕೇಳಿದರು.

"ಮೂರಡಿ ಮೂರಿಂಚು" ಅಂದರು ಅತ್ತೆ.